ಸೋಮವಾರದ ಗುಳಿಗೆ

ಚನ್ನಬಸಪ್ಪ ಬಿದ್ದ ಸುದ್ದಿ ಬಂದಾಗ ನಾನು ತೊಗರಿಬೇಳೆ ಆರಿಸುತ್ತ ಕೂತಿದ್ದೆ. ಸೋಮವಾರ, ಮಧ್ಯಾಹ್ನ ಒಂದು ಗಂಟೆ ಇರಬೇಕು. ಫೋನಿನಲ್ಲಿ ಕೌಸ್ತುಭ.

"ಮೇಡಂ, ನಿಮ್ಮ ಶಿವದೇವಿ ದೊಡ್ಡ ಎಡವಟ್ಟು ಮಾಡಿದ್ದಾಳೆ."

ಕೆಲಸ ಚೆನ್ನಾಗಿ ನಡೆದಾಗ ಈ ಹುಡುಗನ ಬಾಯಲ್ಲಿ ಅವಳು 'ನಮ್ಮ ಶಿವದೇವಿ'. ಎಡವಟ್ಟಾದ ಕೂಡಲೇ 'ನಿಮ್ಮ' ಆಗಿಬಿಟ್ಟಳು. ನನಗೆ ಸಿಟ್ಟು ಬಂತು. ಸಿಟ್ಟು ನನಗೆ ಸಲೀಸಾಗಿ ಬರುತ್ತದೆ. ಮೂವತ್ತನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸಾಗಿ ದುಡಿದವಳು ನಾನು.

"ಏನಾತು ಅದನ್ನ ಮೊದಲ ಹೇಳಪಾ. ಯಾರ ಶಿವದೇವಿ ಅನ್ನೋದು ಆಮ್ಯಾಲೆ ನೋಡೋಣ."

ಆದದ್ದು ಇಷ್ಟು. ಜೀಡಿಮೆಟ್ಲಾದ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲಿಗಿರುವ ಚನ್ನಬಸಪ್ಪ, ಐವತ್ನಾಲ್ಕು ವರ್ಷದವನು, ಲಾರಿಯ ನಂಬರು ಬರೆದುಕೊಳ್ಳುತ್ತಿದ್ದಾಗ ನಿಂತಲ್ಲೇ ಕುಸಿದ. ಮೈಯೆಲ್ಲ ಬೆವರು, ಮಾತು ತೊದಲು. ಆಸ್ಪತ್ರೆಗೆ ಒಯ್ದು ನೋಡಿದರೆ ರಕ್ತದಲ್ಲಿ ಸಕ್ಕರೆ ನಲವತ್ತೊಂದಕ್ಕೆ ಇಳಿದಿತ್ತು. ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟ. ಆಸ್ಪತ್ರೆಯ ಚೀಟಿಯಲ್ಲಿ 'ಊಟ ಮಾಡಿದ್ದಾರೆ' ಎಂದು ಬರೆದಿತ್ತಂತೆ. ಊಟ ಮಾಡಿಯೂ ಸಕ್ಕರೆ ಅಷ್ಟು ಇಳಿಯಬೇಕಾದರೆ ಗುಳಿಗೆ ಹೆಚ್ಚಿಗೆ ನುಂಗಿರಬೇಕು. ಹೆಚ್ಚಿಗೆ ನುಂಗು ಎಂದವರು ಯಾರು? ಆ ಓಣಿಯಲ್ಲಿ ಸಕ್ಕರೆ ಕಾಯಿಲೆಯವರ ಗುಳಿಗೆ ನೋಡಿಕೊಳ್ಳುವವಳು ಶಿವದೇವಿ. ಕೌಸ್ತುಭನ ಮಟ್ಟಿಗೆ ವಿಚಾರಣೆ ಅಲ್ಲಿಗೆ ಮುಗಿದಿತ್ತು.

ಕೌಸ್ತುಭ ಮೈಸೂರಿನ ಹುಡುಗ, ಒಂದು ಚಿಕ್ಕ ಸಂಸ್ಥೆಯ ಉಸ್ತುವಾರಿ. ಬಡವರ ಬಸ್ತಿಯ ಹೆಂಗಸರನ್ನೇ ಆರಿಸಿ, ತಮ್ಮ ಓಣಿಯಲ್ಲಿ ಬಿ.ಪಿ., ಶುಗರ್ ಇರುವವರನ್ನು ಮನೆಮನೆಗೆ ಹೋಗಿ ನೋಡಿಕೊಳ್ಳುವಂತೆ ತಯಾರು ಮಾಡುವುದು ಆ ಸಂಸ್ಥೆಯ ಕೆಲಸ. ಡಾಕ್ಟರು ಬರೆದ ಗುಳಿಗೆ ತಪ್ಪದೆ ನುಂಗುತ್ತಾರೋ, ಕಾಲಿನಲ್ಲಿ ಹುಣ್ಣಾಗಿದೆಯೋ, ತಿಂಗಳಿಗೊಮ್ಮೆ ದವಾಖಾನೆಗೆ ಹೋಗುತ್ತಾರೋ, ಇಷ್ಟು ನೋಡುವುದು. ಜೀಡಿಮೆಟ್ಲಾದ ಕಾರ್ಖಾನೆಗಳ ಬೆನ್ನಿಗೆ ತಗಡಿನ ಶೆಡ್ಡುಗಳ ಓಣಿಗಳಿವೆ. ಅಲ್ಲಿರುವವರು ಯಾದಗಿರಿ, ಸುರಪುರ, ಶಹಾಪುರದ ಕಡೆಯಿಂದ ದುಡಿಯಲು ಬಂದವರು. ಅವರಲ್ಲಿ ಹನ್ನೆರಡು ಹೆಂಗಸರನ್ನು ಆರಿಸಿದ್ದ. ತೆಲುಗಿನಲ್ಲಿ ಪಾಠ ಮಾಡಿಸಿದರೆ ಎಲ್ಲದಕ್ಕೂ ತಲೆಯಾಡಿಸಿ ಎದ್ದು ಹೋಗುತ್ತಿದ್ದರಂತೆ. ಕನ್ನಡ ಬಲ್ಲ ನರ್ಸ್ ಬೇಕೆಂದು ಹುಡುಕುತ್ತ ಕಾಚಿಗೂಡದ ನಮ್ಮ ಮನೆಗೆ ಬಂದ. ನಮ್ಮ ಅಜ್ಜ ರಾಯಚೂರಿನಿಂದ ಬಂದು ಇಲ್ಲಿಯ ಕಚೇರಿ ಸೇರಿದವರು. ಮೂರು ತಲೆಮಾರಾದರೂ ನಮ್ಮದು ಹೊಸ್ತಿಲೊಳಗೆ ಕನ್ನಡ, ಹೊರಗೆ ತೆಲುಗು, ಹಿಂದಿ. ನಿವೃತ್ತಿಯಾಗಿ ನಾಲ್ಕು ವರ್ಷವಾಗಿತ್ತು, ಮನೆಯಲ್ಲಿ ಬೈಯಲು ಯಾರೂ ಇರಲಿಲ್ಲ. ಒಪ್ಪಿಕೊಂಡೆ.

ಹನ್ನೆರಡು ಜನರಲ್ಲಿ ಶಿವದೇವಿ ನನ್ನ ತಲೆ ತಿಂದವಳು. ಮೂವತ್ತು ವರ್ಷ, ಏಳನೆಯ ಇಯತ್ತೆ. ಆರು ವರ್ಷ ಕೆಮಿಕಲ್ ಡ್ರಮ್ಮು ತೊಳೆದು ತೊಳೆದು ಅಂಗೈಯ ಚರ್ಮ ಕಿತ್ತುಹೋಗಿತ್ತು. ಬಿ.ಪಿ. ಮಶಿನ್ನಿನ ಪಟ್ಟಿ ಮೊದಲ ಸಲ ಕೈಗೆ ಕೊಟ್ಟಾಗ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಮುಟ್ಟಿದಳು. ಆಮೇಲೆ ಪ್ರಶ್ನೆಗಳು ಸುರುವಾದವು. ಎರಡು ನಂಬರು ಯಾಕೆ, ಒಂದು ಸಾಲದೇ? ಎಡಗೈಗೂ ಬಲಗೈಗೂ ಫರಕು ಬಂದರೆ ಯಾವುದು ಖರೆ? ಸಿಟ್ಟು ಬಂದಾಗ ಏರಿದ ಬಿ.ಪಿ. ಸಿಟ್ಟಿನದೋ ಬ್ಯಾನಿಯದೋ? ಕೊನೆಯ ಪ್ರಶ್ನೆ ನನ್ನನ್ನೇ ನೋಡಿ ಕೇಳಿದಳು ಎಂದು ನನ್ನ ಅನುಮಾನ. ಅವಳಿಗೆ ಸಂಸ್ಥೆ ಒಂದು ನೀಲಿ ಚೀಲ ಕೊಟ್ಟಿತ್ತು, ಒಳಗೆ ಬಿ.ಪಿ. ಮಶಿನ್, ಶುಗರ್ ಮಶಿನ್, ದಾಖಲೆ ಪುಸ್ತಕ. ಆರು ತಿಂಗಳ ತರಬೇತಿ ಮುಗಿದು ಪಾಸಾದರೆ ಆ ಕೆಲಸ ಕಾಯಂ. ಇಲ್ಲವಾದರೆ ಮತ್ತೆ ಡ್ರಮ್ಮು.

ಮರುದಿನ ನಮ್ಮ ತರಬೇತಿಯ ಕೋಣೆಯಲ್ಲಿ ಕೌಸ್ತುಭ ಉಳಿದ ಹೆಂಗಸರ ಎದುರಿಗೇ ಅವಳನ್ನು ನಿಲ್ಲಿಸಿ ಕೇಳಿದ. ಇವಳು ಈಗ ಜಗಳ ತೆಗೆಯುತ್ತಾಳೆ, ಗುಳಿಗೆಯ ಖಾಲಿ ಪಟ್ಟಿ ತೋರಿಸಿ ಅವನ ಬಾಯಿ ಮುಚ್ಚಿಸುತ್ತಾಳೆ ಎಂದು ನಾನು ಕಾಯುತ್ತ ಕೂತೆ.

"ತಪ್ಪು ನಂದ ರಿ ಸರ," ಎಂದಳು.

"ಎಷ್ಟು ಗುಳಿಗೆ ತಗೊಳ್ಳೋಕೆ ಹೇಳಿದ್ದೆ?"

"ತಪ್ಪು ನಂದ ರಿ. ಮತ್ತೇನ ಕೇಳಬ್ಯಾಡ್ರಿ."

ಕೌಸ್ತುಭ ನೀಲಿ ಚೀಲ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದ. ವರದಿ ಮುಂದಿನ ಮಂಗಳವಾರ ಕಳಿಸಬೇಕು, ಅದರಲ್ಲಿ ಅವಳ ಹೆಸರು ಬರೆದು ಪಟ್ಟಿಯಿಂದ ಕೈಬಿಡುವುದೇ ದಾರಿ ಎಂದ. ಅವನೇನೂ ಕೆಟ್ಟವನಲ್ಲ. ಒಬ್ಬ ಮನುಷ್ಯ ಸಾಯುವುದರಲ್ಲಿದ್ದ, ಹುಡುಗನಿಗೆ ಹೆದರಿಕೆಯಾಗಿತ್ತು. ಶಿವದೇವಿ ನನ್ನ ಮುಖ ನೋಡದೆ ಚಪ್ಪಲಿ ಮೆಟ್ಟಿ ಹೊರಟುಹೋದಳು.

ಮೊದಲು ನನಗೆ ಅವಳ ಮೇಲೆಯೇ ಕೋಪ ಬಂತು. ಬಸ್ಸು ಹತ್ತಿದ ಮೇಲೆ ಕೋಪ ಇಳಿದು ಕುತೂಹಲ ಏರಿತು. ಎರಡು ನಂಬರು ಯಾಕೆ ಎಂದು ಅರ್ಧ ದಿನ ವಾದಿಸಿದ ಹೆಂಗಸು, ತನ್ನ ಅನ್ನಕ್ಕೇ ಕಲ್ಲು ಬೀಳುವಾಗ ಒಂದೇ ಮಾತಿಗೆ ತಪ್ಪು ಒಪ್ಪುತ್ತಾಳೆಂದರೆ ಏನರ್ಥ? ಪರರ ವಿಷಯದಲ್ಲಿ ಮೂಗು ತೂರಿಸಬೇಡ ಎಂದು ನಮ್ಮಮ್ಮ ಸಾಯುವವರೆಗೂ ಹೇಳಿದಳು. ಆ ಮೂಗು ಇನ್ನೂ ಹಾಗೇ ಇದೆ. ಇಳಿಯುವ ಮೊದಲೇ ಕೌಸ್ತುಭನಿಗೆ ಫೋನು ಮಾಡಿ, ಅವಳ ದಾಖಲೆ ಪುಸ್ತಕ ನನ್ನ ಮನೆಗೆ ಕಳಿಸು ಎಂದೆ.

ಪುಸ್ತಕ ಬಂತು. ಗುಳಿಗೆಯ ಲೆಕ್ಕ ಮೊದಲು ನೋಡಿದೆ. ಚನ್ನಬಸಪ್ಪನಿಗೆ ದಿನಕ್ಕೊಂದು. ಕೊಟ್ಟದ್ದು, ಉಳಿದದ್ದು, ಖಾಲಿ ಪಟ್ಟಿ, ಎಲ್ಲ ಕೂಡಿಸಿದರೆ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಎರಡು ನುಂಗಿದ್ದರೆ ಒಂದು ಕಡಿಮೆ ಬೀಳಬೇಕಿತ್ತಲ್ಲ? ಹಾಗಾದರೆ ಗುಳಿಗೆ ಹೆಚ್ಚಾಗಿಲ್ಲ. ಮತ್ತೆ ಇವಳು ಒಪ್ಪಿಕೊಂಡ ತಪ್ಪು ಯಾವುದು?

ಆಗ ಅಂಚಿನ ಬರಹ ಕಣ್ಣಿಗೆ ಬಿತ್ತು. ಶಿವದೇವಿಗೆ ಪುಟದ ಅಂಚಿನಲ್ಲಿ ಇರುವೆ ಸಾಲಿನಂತೆ ಏನೇನೋ ಗೀಚುವ ಚಟ. ಅಂಕಣ ಬಿಟ್ಟು ಎಲ್ಲೂ ಬರೆಯಬೇಡ ಎಂದು ಎರಡು ಸಲ ಗದರಿಸಿದ್ದೆ. ಗದರಿಸಿದ ಮೇಲೆ ಅಕ್ಷರ ಸಣ್ಣದಾಗಿತ್ತು, ನಿಂತಿರಲಿಲ್ಲ. ಕನ್ನಡಕ ಏರಿಸಿ ಓದಿದೆ. 'ಕೈ ನಡುಗತಾವ ಅಂದ್ಲು.' 'ಕಣ್ಣಿಗೆ ಕತ್ಲಿ.' 'ಬೆವರು, ಆಮ್ಯಾಲೆ ತಾನs ಕಮ್ಮಿ.' ಒಬ್ಬರದಲ್ಲ, ನಾಲ್ಕೈದು ಜನರದು. ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ ತೊಗರಿಬೇಳೆಯ ಕಾಳು ಒಂದೊಂದು ತಾರೀಖಿನ ಮೇಲೆ ಇಡುತ್ತ ಹೋದೆ. ಒಂಬತ್ತು ಕಾಳು. ಒಂಬತ್ತೂ ಮೂರು ಸೋಮವಾರಗಳ ಮೇಲೆ ಕೂತವು.

ಸಕ್ಕರೆಗೆ ವಾರ ಗೊತ್ತಾಗುವುದು ಹೇಗೆ?

ಭಾನುವಾರದ ಕುಡಿತ ಇರಬಹುದೇ? ಆ ಓಣಿ ಲಿಂಗಾಯತರದು, ಮತ್ತೆ ಕೈ ನಡುಗಿದವರಲ್ಲಿ ಮೂವರು ಮುದುಕಿಯರು. ಸೋಮವಾರ ಕಾರ್ಖಾನೆಯಲ್ಲಿ ಕೆಲಸ ಹೆಚ್ಚೇ? ಮುದುಕಿಯರು ಕಾರ್ಖಾನೆಗೆ ಹೋಗುವುದಿಲ್ಲ. ಮಶಿನ್ನಿನ ದೋಷವೇ? ಮಶಿನ್ನಿಗೆ ಸೋಮವಾರವೆಂದು ಹೇಳಿದವರು ಯಾರು? ಊಟಕ್ಕೆ ಕೂತರೂ ಅದೇ, ಸ್ನಾನಕ್ಕೆ ಹೋದರೂ ಅದೇ. ನನ್ನ ಹಳೆಯ ಕೆಲಸದ ದಿನಗಳು ಮರಳಿ ಬಂದಂತಾಗಿ ಖುಷಿಯೂ ಆಗುತ್ತಿತ್ತು ಎಂದು ಹೇಳಿಬಿಡುತ್ತೇನೆ. ಉತ್ತರ ನನ್ನ ಕೊರಳಿಗೇ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಇಲ್ಲಿ ಜುಲೈ ತಿಂಗಳ ಒಂದು ಪಾಠದ ಮಾತು ಹೇಳಬೇಕು. ಗುಳಿಗೆ ಮರೆಯುವುದೇ ಈ ಕಾಯಿಲೆಗಳ ದೊಡ್ಡ ತೊಡಕು. "ನಿಮ್ಮ ಮಂದಿ ದಿನಾ ತಪ್ಪದ ಮಾಡೋ ಕೆಲಸ ಯಾವುದದ, ಅದಕ್ಕ ಗುಳಿಗಿ ಗಂಟು ಹಾಕ್ರಿ," ಎಂದಿದ್ದೆ. ಒಬ್ಬಳು ಚಹಾ ಎಂದಳು, ಇನ್ನೊಬ್ಬಳು ನೀರು ಹಿಡಿಯುವುದು ಎಂದಳು. ನಳದಲ್ಲಿ ದಿನಾ ನೀರು ಬರುವುದಿಲ್ಲವೆಂದು ಉಳಿದವರು ನಕ್ಕರು. ಶಿವದೇವಿ ಕೈ ಎತ್ತಿ, "ನಮ್ಮ ಓಣ್ಯಾಗ ಲಿಂಗಪೂಜಿ ಬಿಡೂದಿಲ್ರಿ ಅಕ್ಕಾರ. ಊರು ಬಿಟ್ರೂ ಅದನ್ನ ಬಿಟ್ಟಿಲ್ಲ. ಪೂಜಿ ಆದ ಕೂಡ್ಲೆ ರೊಟ್ಟಿ ತಿಂದು ಕೆಲಸಕ್ಕ ಹೊಂಡತಾರ," ಎಂದಳು. ಶಾಭಾಷ್ ಎಂದು ಬೆನ್ನು ತಟ್ಟಿದೆ. ಪೂಜೆ, ಗುಳಿಗೆ, ರೊಟ್ಟಿ. ಆ ಓಣಿಗೆ ನಾನೇ ಹೋಗಿ ನಳದ ಹತ್ತಿರ ನಿಂತು, "ಏನs ಆಗಲಿ, ಒಂದು ದಿನಾನೂ ಗುಳಿಗಿ ಬಿಡಬ್ಯಾಡ್ರಿ," ಎಂದು ಎಲ್ಲರ ಕೈಲಿ ಹ್ಞೂಂ ಅನ್ನಿಸಿ ಬಂದಿದ್ದೆ. ಮನೆಮನೆಯಲ್ಲೂ ವಿಭೂತಿ ಗಟ್ಟಿಯ ಪಕ್ಕ ಗುಳಿಗೆ ಪಟ್ಟಿ ಬಂದು ಕೂತಿತು. ಆ ತಿಂಗಳು ಒಬ್ಬರೂ ಒಂದು ದಿನವೂ ತಪ್ಪಿಸಲಿಲ್ಲ. ಕೌಸ್ತುಭ ಫೋಟೋ ತೆಗೆದು ಎಲ್ಲೆಲ್ಲಿಗೋ ಕಳಿಸಿದ. ನಾನು ಉಬ್ಬಿಹೋಗಿದ್ದೆ.

ಮುಂದಿನ ಸೋಮವಾರ ಎರಡು ಬಸ್ಸು ಬದಲಿಸಿ ಜೀಡಿಮೆಟ್ಲಾಕ್ಕೆ ಹೋದೆ. ಸೋಮವಾರದ ರಹಸ್ಯ ಸೋಮವಾರವೇ ಸಿಗಬೇಕು ಎಂದು ನನ್ನ ಸ್ವಂತ ಶುಗರ್ ಮಶಿನ್ ಚೀಲಕ್ಕೆ ಹಾಕಿಕೊಂಡಿದ್ದೆ. ಓಣಿ ತಲುಪಿದಾಗ ಹತ್ತು ಗಂಟೆ. ಕಾರ್ಖಾನೆಯ ಘಾಟು ಎಂದಿನಂತೆ ಗಂಟಲಿಗೆ ಬಂತು. ಆದರೆ ಏನೋ ಇರಲಿಲ್ಲ. ಏನಿಲ್ಲ ಎಂದು ಗೊತ್ತಾಗಲು ಎರಡು ಶೆಡ್ಡು ದಾಟಬೇಕಾಯಿತು. ಜುಲೈನಲ್ಲಿ ಬಂದಾಗ ಮನೆಮನೆಯಲ್ಲಿ ಕೇಳಿದ್ದ ರೊಟ್ಟಿ ಬಡಿಯುವ ಸಪ್ಪಳ ಇರಲಿಲ್ಲ. ಮೂರನೆಯ ಮನೆಯಲ್ಲಿ ಒಬ್ಬ ಮುದುಕಿ ಬಾಗಿಲಲ್ಲೇ ಕೂತಿದ್ದಳು. ಒಳಗೆ ಗ್ಯಾಸಿನ ಒಲೆ ಒರೆಸಿಟ್ಟಿತ್ತು, ಮೇಲೆ ಒಂದು ಪಾತ್ರೆಯಿಲ್ಲ.

"ಯಾಕವಾ, ಇವತ್ತು ಒಲಿ ಹಚ್ಚಿಲ್ಲೇನು?"

"ಶ್ರಾವಣ ಸ್ವಾಮಾರಲ್ರಿ ಅಕ್ಕಾರ! ಒಪ್ಪತ್ತು. ಹೊತ್ತು ಮುಣುಗೂತನಕ ಏನೂ ಇಲ್ಲ."

"ಮತ್ತ ಗುಳಿಗಿ?"

ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. "ತಗೊಂಡೀನಲ್ರಿ. ಪೂಜಿ ಆದ ಕೂಡ್ಲೆ. ನೀವs ಹೇಳೀರಲ್ಲ, ಏನs ಆಗಲಿ ಒಂದು ದಿನಾನೂ ಬಿಡಬ್ಯಾಡ ಅಂತ. ನಿಮ್ಮ ಮಾತು ಮೀರೀನೇನು?"

ನಾನು ಅಲ್ಲೇ ಅವಳ ಬಾಗಿಲ ಕಲ್ಲಿನ ಮೇಲೆ ಕೂತುಬಿಟ್ಟೆ. ಸಕ್ಕರೆ ಇಳಿಸುವ ಗುಳಿಗೆ ಬೆಳಿಗ್ಗೆ ಆರೂವರೆಗೆ ಹೊಟ್ಟೆಗೆ ಹೋಗುತ್ತದೆ, ಅನ್ನ ಸಂಜೆ ಏಳಕ್ಕೆ. ಉಳಿದ ಆರು ದಿನ ಪೂಜೆಯ ಬೆನ್ನಿಗೇ ರೊಟ್ಟಿ ಇರುತ್ತದೆ, ಆದ್ದರಿಂದ ಎಲ್ಲ ಸರಿ. ಶ್ರಾವಣ ಹುಟ್ಟಿದ ಮೇಲೆ ಸೋಮವಾರಕ್ಕೊಮ್ಮೆ ಓಣಿಗೆ ಓಣಿಯೇ ನಡುಗುತ್ತಿತ್ತು, ನನ್ನ ಪಾಠವನ್ನು ಅಕ್ಷರ ಬಿಡದೆ ಪಾಲಿಸಿದ್ದಕ್ಕೆ.

ನಮ್ಮದು ಏಕಾದಶಿಯ ಮನೆ. ಏಕಾದಶಿಯ ದಿನ ನಮ್ಮ ಮನೆಯಲ್ಲಿ ಊಟದ ಗುಳಿಗೆಯನ್ನು ಯಾರೂ ಮುಟ್ಟುವುದಿಲ್ಲ. ಉಣ್ಣದಿದ್ದರೆ ಆ ಗುಳಿಗೆ ಇಲ್ಲ ಎನ್ನುವುದು ನಮಗೆ ಎಷ್ಟು ಗೊತ್ತಿತ್ತೆಂದರೆ, ಅದನ್ನು ಹೇಳಿಕೊಡಬೇಕೆಂದೇ ನನಗೆ ಹೊಳೆಯಲಿಲ್ಲ. ನನ್ನ ಏಕಾದಶಿ ನನಗೆ ಕಂಠಪಾಠ. ಇವರ ಸೋಮವಾರ ನನಗೆ ಗೊತ್ತಿಲ್ಲದ್ದೇನಲ್ಲ, ಹುಟ್ಟಿದಾಗಿನಿಂದ ಕೇಳಿದ್ದೇ. ಪಾಠ ಮಾಡುವಾಗ ನೆನಪಿಗೆ ಬರಲಿಲ್ಲ, ಕೇಳಲೂ ಇಲ್ಲ.

ಹತ್ತು ಮನೆಯಾಚೆ ಶಿವದೇವಿ ಕಂಡಳು. ನೀಲಿ ಚೀಲವಿಲ್ಲ, ಕೈಯಲ್ಲೊಂದು ಬಾಳೆಹಣ್ಣಿನ ಚಿಪ್ಪು. ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಓಡಾಡುತ್ತಿದ್ದಳು. ನನ್ನನ್ನು ಕಂಡು ನಿಂತಳು.

"ನಿನಗ ಗೊತ್ತಿತ್ತು," ಎಂದೆ.

"ಅಂವ ಬಿದ್ದ ದಿನಾ ಗೊತ್ತಾತ್ರಿ." ಅವಳ ದನಿ ಒಡೆದಿತ್ತು. "ಇವತ್ತು ನಸಕಿನ್ಯಾಗs ಎದ್ದು ಎಲ್ಲಾರ ಮನಿಗೂ ಹೋಗಿ ಹೇಳಿದೆ, ಇವತ್ತೊಂದಿನ ಗುಳಿಗಿ ಬ್ಯಾಡ, ಡಾಕ್ಟರ್ನ ಕೇಳೂತನಕ ತಡೀರಿ ಅಂತ. ಯಾರ ಕೇಳ್ತಾರ್ರಿ? ನಿನ್ನ ಚೀಲಾ ಕಸಗೊಂಡಾರ, ನಿನ್ನ ಮಾತು ಯಾಕ ಕೇಳೂಣು, ದೊಡ್ಡ ಅಕ್ಕಾರು ಬಿಡಬ್ಯಾಡ ಅಂದಾರ, ಅಂತಾರ. ಹಣ್ಣು ತಿನ್ರಿ ಅಂದ್ರ ವ್ರತಾ ಕೆಡ್ತೈತಿ ಅಂತಾರ. ಚನ್ನಬಸಪ್ಪ ಕಾಕಾ ನೀರ ಮ್ಯಾಲೆ ಅದಾನ."

ಮುಂದೆ ಮಾತಾಡುವ ಹೊತ್ತಾಗಿರಲಿಲ್ಲ. ಚನ್ನಬಸಪ್ಪನ ಮನೆಗೆ ಇಬ್ಬರೂ ಓಡುನಡಿಗೆಯಲ್ಲಿ ಹೋದೆವು. ಆಸ್ಪತ್ರೆಯಿಂದ ಬಂದು ವಾರದ ರಜೆಯಲ್ಲಿದ್ದ. ಡಾಕ್ಟರು ಗುಳಿಗೆಯನ್ನು ಅರ್ಧಕ್ಕಿಳಿಸಿದ್ದರು. ಆ ಅರ್ಧವನ್ನು ತಪ್ಪದೆ ಪೂಜೆಯಾದ ಮೇಲೆ ನುಂಗಿ ಗೋಡೆಗೆ ಒರಗಿದ್ದ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಬೆರಳು ಚುಚ್ಚಿ ನೋಡಿದೆ. ಅರವತ್ತು.

"ಒಂದು ಹಣ್ಣು ತಿನ್ರಿ ಚನ್ನಬಸಪ್ಪನವರ. ಈಗಿಂದೀಗ."

"ಆಗೂದಿಲ್ರಿ ಅಕ್ಕಾರ. ಹೋದ ವಾರ ಬಿದ್ದದ್ದs ಯಾಕ? ನನ್ನ ವ್ರತದಾಗ ಏನೋ ದೋಷ ಆಗೇತಿ. ಈ ವಾರ ನೀರು ಬಿಟ್ಟು ಏನೂ ಇಲ್ಲ ಅಂತ ಬೇಡ್ಕೊಂಡೀನಿ."

ಬಾಗಿಲಲ್ಲಿ ಮಂದಿ ಸೇರಿದ್ದರು. ಮೂರನೆಯ ಮನೆಯ ಮುದುಕಿಯೂ ಬಂದಿದ್ದಳು. ಮೂವತ್ತನಾಲ್ಕು ವರ್ಷದಲ್ಲಿ ನಾನು ಡಾಕ್ಟರುಗಳ ತಪ್ಪು ಹಿಡಿದಿದ್ದೇನೆ, ಅವರ ಮುಖಕ್ಕೇ ಹೇಳಿದ್ದೇನೆ. ನನ್ನ ತಪ್ಪನ್ನು ನಾನೇ ಬಾಯಿಬಿಟ್ಟು ಹೇಳಿದ್ದು ನೆನಪಿಲ್ಲ. ಸುಳ್ಳು ಹೇಳಿ ಹಣ್ಣು ತಿನ್ನಿಸುವ ಉಪಾಯ ಎರಡು ಮೂರು ತಲೆಗೆ ಬಂದವು. ಶಿವದೇವಿ ಪಕ್ಕದಲ್ಲಿ ನಿಂತು ಬೇಡ ಎನ್ನುವಂತೆ ಸಣ್ಣಗೆ ತಲೆಯಾಡಿಸುತ್ತಿದ್ದಳು. ಅದು ಯಾತಕ್ಕೆ ಬೇಡ ಎಂದು ಆಗ ತಿಳಿಯಲಿಲ್ಲ.

"ನಿಮ್ಮ ವ್ರತದಾಗ ದೋಷ ಇಲ್ಲ," ಎಂದೆ. ಎಲ್ಲರಿಗೂ ಕೇಳಲಿ ಎಂದು ಜೋರಾಗಿಯೇ ಹೇಳಿದೆ. "ದೋಷ ನನ್ನ ಮಾತಿನಾಗ ಅದ. ಉಣ್ಣದ ದಿನಾ ಆ ಗುಳಿಗಿ ತಗೊಬಾರದು. ಅದನ್ನ ನಾ ಹೇಳಲಿಲ್ಲ. ನೀವು ಯಾವ ದಿನಾ ಉಣ್ಣೂದಿಲ್ಲ ಅಂತ ಕೇಳಲೂ ಇಲ್ಲ. ನೀವು ಬಿದ್ದದ್ದು ನನ್ನ ಸಲುವಾಗಿ. ಶಿವದೇವಿದು ಏನೂ ತಪ್ಪಿಲ್ಲ."

ಚನ್ನಬಸಪ್ಪ ನನ್ನನ್ನೇ ನೋಡಿದ. ನಿಧಾನವಾಗಿ ಕೇಳಿದ, "ಹಂಗಾದ್ರ ಅಕ್ಕಾರ, ನೀವು ಹೇಳಿದ್ದರಾಗ ಖರೆ ಯಾವುದು, ತಪ್ಪು ಯಾವುದು? ನಮಗ ಹೆಂಗ ಗೊತ್ತಾಗಬೇಕು?"

ಶಿವದೇವಿ ಮುಂದೆ ಬಂದಳು. ಚಿಪ್ಪಿನಿಂದ ಒಂದು ಬಾಳೆಹಣ್ಣು ಮುರಿದು ದೇವರ ಹಲಗೆಯ ಮೇಲಿಟ್ಟು, ಕೈಮುಗಿದು, ಅದನ್ನೇ ತೆಗೆದು ಸುಲಿದು ಅವನ ಮುಂದೆ ಹಿಡಿದಳು.

"ಪ್ರಸಾದಕ್ಕ ಒಲ್ಲೆ ಅನಬ್ಯಾಡ ಕಾಕಾ. ಗುಳಿಗಿ ಖರೆ ಐತಿ, ಎರಡು ತಿಂಗಳದಾಗ ನಿನ್ನ ಕಾಲಿನ ಹುಣ್ಣು ಮಾಯ್ದದ್ದು ಖರೆ ಐತಿ. ಸ್ವಾಮಾರದ ಗುಳಿಗಿ ಅಷ್ಟs ತಪ್ಪು. ಡಾಕ್ಟರ್ನ ಕೇಳ್ಕೊಂಡು ಬಂದು ನಾನs ಹೇಳ್ತೀನಿ. ಬಾಯಿ ತಗಿ."

ಅವನು ಬಾಯಿ ತೆರೆದ. ನಾನು ಹೇಳಿದ್ದರೆ ತೆರೆಯುತ್ತಿರಲಿಲ್ಲ, ಅದು ನನಗೆ ಚುಚ್ಚಿತು. ಎರಡನೆಯ ಹಣ್ಣನ್ನು ಅವನೇ ಕೇಳಿ ತಿಂದ. ಕಾಲು ಗಂಟೆ ಬಿಟ್ಟು ನೋಡಿದರೆ ತೊಂಬತ್ತನಾಲ್ಕು. ಅಷ್ಟರಲ್ಲಿ ಮುದುಕಿ ತಾನೇ ಒಂದು ಹಣ್ಣು ದೇವರ ಮುಂದಿಟ್ಟು ಎತ್ತಿಕೊಂಡಿದ್ದಳು.

ಎಲ್ಲರ ಬೆರಳೂ ಚುಚ್ಚಿ ಮುಗಿದ ಮೇಲೆ ಶಿವದೇವಿಯ ಮನೆಯೆದುರು ಇಬ್ಬರೂ ಕೂತೆವು. ಇಷ್ಟು ದಿನ ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ.

"ಅಕ್ಕಾರು ಹೇಳಿದ್ದರು ಅಂತ ಕೌಸ್ತುಭನ ಮುಂದ ಒಂದು ಮಾತು ಅಂದಿದ್ರ ನಿನ್ನ ಚೀಲ ಹೋಗ್ತಿರಲಿಲ್ಲ. ಯಾಕ ಅನ್ನಲಿಲ್ಲ? ನನ್ನ ಮ್ಯಾಲಿನ ಮರ್ಯಾದಿಗೇನು?"

"ಇಲ್ರಿ," ಎಂದಳು ತಟ್ಟನೆ. ನನಗೆ ಅದೂ ಚುಚ್ಚಿತು. "ಅಲ್ಲಿ ನಮ್ಮ ಹನ್ನೊಂದು ಮಂದಿ ಕುಂತಿದ್ರಲ್ರಿ. ಅಕ್ಕಾರ ಪಾಠಾ ತಪ್ಪು ಅಂದಿದ್ರ ಅದು ಅವತ್ತs ಹನ್ನೆರಡು ಓಣಿಗೆ ಮುಟ್ತಿತ್ತು. ಒಂದು ತಪ್ಪಾದ್ರ ಎಲ್ಲಾ ತಪ್ಪು ಅಂತಾರ್ರಿ ಮಂದಿ. ಗುಳಿಗಿ ಎಲ್ಲಾ ಮೋರಿಗೆ ಹಾಕ್ತಿದ್ರು. ಎಷ್ಟು ಬೈಸ್ಕೊಂಡು ನುಂಗಸಾಕ ಕಲಿಸೀನಿ ನಾನು! ಶಿವದೇವಿ ತಪ್ಪು ಮಾಡ್ಯಾಳ ಅಂದ್ರ ಶಿವದೇವಿ ಒಬ್ಬಾಕಿ ಹೋಗ್ತಾಳ. ಡ್ರಮ್ಮು ತೊಳಿಯೂದು ನನಗೇನು ಹೊಸಾದಲ್ಲ."

ಹೇಳುತ್ತ ಅಂಗೈ ನೋಡಿಕೊಂಡಳು. ಕಿತ್ತುಹೋದ ಚರ್ಮ ಈಚೆಗಷ್ಟೇ ಕೂಡಿಕೊಂಡಿತ್ತು. ನಾನು ಆ ಕೈ ಹಿಡಿದುಕೊಂಡೆ. ಅಳು ಬಂತು, ಅತ್ತೆ. ಅಳುವುದರಲ್ಲೂ ನಾನು ಜೋರು.

ಮಂಗಳವಾರ ಕೌಸ್ತುಭನ ಎದುರು ಎಲ್ಲ ಹೇಳಿದೆ, ಹನ್ನೆರಡೂ ಹೆಂಗಸರ ಮುಂದೆಯೇ. ಶಿವದೇವಿ ಹೆದರಿದಂತೆ ಯಾರೂ ಎದ್ದು ಹೋಗಲಿಲ್ಲ. ಒಬ್ಬೊಬ್ಬರೇ ತಮ್ಮ ಓಣಿಯ ಲೆಕ್ಕ ಹೇಳತೊಡಗಿದರು: ನಮ್ಮಲ್ಲಿ ಶನಿವಾರ, ನಮ್ಮಲ್ಲಿ ಹುಣ್ಣಿಮೆ, ಪಕ್ಕದ ಓಣಿಯಲ್ಲಿ ರಂಜಾನಿನ ತಿಂಗಳು. ಜೂನಿನಿಂದ ಇದೆಲ್ಲ ಅವರ ಬಾಯಲ್ಲೇ ಇತ್ತು.

ಕೌಸ್ತುಭ ಲ್ಯಾಪ್‌ಟಾಪಿನಲ್ಲಿ ವರದಿ ತೆರೆದ. 'ತಪ್ಪಿಗೆ ಕಾರಣರಾದವರು' ಎನ್ನುವಲ್ಲಿ ಶಿವದೇವಿಯ ಹೆಸರಿತ್ತು.

"ಅದನ್ನ ಅಳಿಸು. ನನ್ನ ಹೆಸರು ಬರಿ, ವೇದವತಿ ಅಂತ."

"ಮೇಡಂ, ಆ ಜಾಗದಲ್ಲಿ ತರಬೇತಿ ಕೊಡೋರ ಹೆಸರು ಬರೆಯೋಕಾಗಲ್ಲ. ಕಲಿಸೋರ ಹೆಸರು ಅಲ್ಲಿ ಬಂದರೆ ಅವರು ಆರು ವಾರ ಮತ್ತೆ ಕಲಿಯೋವರೆಗೂ ಯಾರಿಗೂ ಏನೂ ಹೇಳೋ ಹಾಗಿಲ್ಲ. ನಿಯಮ ಇದೆ."

"ಭಾಳ ಛಲೋ ನಿಯಮ. ಕಲೀತೀನಿ. ಯಾರ ಕೈಯಾಗ ಕಲೀಬೇಕು ಅನ್ನೋದಷ್ಟು ನನಗ ಬಿಡು."

ಅವನು ಶಿವದೇವಿಯನ್ನು ನೋಡಿದ, ನನ್ನನ್ನು ನೋಡಿದ. ಎದ್ದು ಹೋಗಿ ಬೀರುವಿನ ಬೀಗ ತೆಗೆದು ನೀಲಿ ಚೀಲವನ್ನು ಎರಡೂ ಕೈಯಿಂದ ತಂದು ಅವಳಿಗೆ ಕೊಟ್ಟ. "ಸಾರಿ ಅಕ್ಕ," ಎಂದ. ಆ ಹುಡುಗನ ಮೇಲಿನ ನನ್ನ ಅರ್ಧ ಸಿಟ್ಟು ಅಲ್ಲಿಗೆ ಇಳಿಯಿತು.

ಈ ಸಲದ ಶ್ರಾವಣಕ್ಕೆ ಐದು ಸೋಮವಾರ. ಐದನೆಯದರಂದು ನಾನು ಶಿವದೇವಿಯ ಹಿಂದೆ ಓಣಿಗೆ ಹೋದೆ, ಕಲಿಯುವವಳಾಗಿ. ಬಸ್ತಿ ದವಾಖಾನೆಯ ಡಾಕ್ಟರು ಒಬ್ಬೊಬ್ಬರಿಗೂ ಉಪವಾಸದ ದಿನ ಏನು ಮಾಡಬೇಕೆಂದು ಬೇರೆಬೇರೆಯಾಗಿ ಚೀಟಿ ಬರೆದುಕೊಟ್ಟಿದ್ದರು. ಚನ್ನಬಸಪ್ಪನಿಗೆ ಬೆಳಗಿನ ಗುಳಿಗೆ ರಾತ್ರಿಯ ಊಟಕ್ಕೆ ಹೋಗಿತ್ತು. ಅವನ ಬಾಗಿಲಿಗೆ ಬಂದಾಗ ಶಿವದೇವಿ ಪಕ್ಕಕ್ಕೆ ಸರಿದು, "ಇವತ್ತು ನೀವು ಕೇಳ್ರಿ ಅಕ್ಕಾರ," ಎಂದಳು.

ನನ್ನ ಬಾಯಿಗೆ ಬಂದದ್ದು ನಮ್ಮ ಕಡೆಯವರು ಎದುರು ಸಿಕ್ಕವರಿಗೆಲ್ಲ ಕೇಳುವ ಮಾತು. ಕೇಳುತ್ತ ಕೇಳುತ್ತಲೇ ನಡೆದುಬಿಡುತ್ತೇವೆ, ಉತ್ತರಕ್ಕೆ ಯಾರೂ ನಿಲ್ಲುವುದಿಲ್ಲ.

"ಊಟ ಆತೇನ್ರಿ?"

"ಆತ್ರಿ, ಆತ್ರಿ," ಎಂದ ಚನ್ನಬಸಪ್ಪ, ಟೊಪ್ಪಿಗೆ ಸರಿಮಾಡಿಕೊಳ್ಳುತ್ತ.

ನಾನು ಕದಲಲಿಲ್ಲ. ಅವನ ಹಿಂದೆ ಒರೆಸಿಟ್ಟ ಒಲೆ ಕಾಣುತ್ತಿತ್ತು. ಆಸ್ಪತ್ರೆಯ ಚೀಟಿಯ ಮೇಲಿನ 'ಊಟ ಮಾಡಿದ್ದಾರೆ' ಎಂಬ ಆ ಎರಡು ಶಬ್ದ ಎಲ್ಲಿಂದ ಬಂದವೆಂದು ನನಗೆ ಆಗ ತಿಳಿಯಿತು. ಯಾರೋ ಕೇಳಿದ್ದರು, ಇವನು ಎಂದಿನಂತೆ ಹೇಳಿದ್ದ, ಅವರು ಬರೆದುಕೊಂಡು ಮುಂದಿನ ಮಂಚಕ್ಕೆ ಹೋಗಿದ್ದರು. ನಾನೂ ಸಾವಿರಾರು ಮಂಚಗಳ ಪಕ್ಕ ಹಾಗೆಯೇ ಮುಂದೆ ಹೋದವಳು. ನಿಂತೇ ಇದ್ದೆ. ಅವನು ನನ್ನ ಮುಖ ನೋಡಿದ, ಹಿಂದೆ ತಿರುಗಿ ಒಲೆ ನೋಡಿದ, ನಾಚಿಕೊಂಡು ನಕ್ಕ.

"ಇಲ್ರಿ ಅಕ್ಕಾರ," ಎಂದ. "ಇವತ್ತು ಸ್ವಾಮಾರ. ಇನ್ನೂ ಉಂಡಿಲ್ಲ."

ಶಿವದೇವಿ ಪುಸ್ತಕ ನನ್ನ ಕೈಗೆ ಕೊಟ್ಟಳು. 'ಇನ್ನೂ ಉಂಡಿಲ್ಲ' ಎಂದು ಬರೆಯಲು ಅದರಲ್ಲಿ ಅಂಕಣವಿರಲಿಲ್ಲ. ಅಂಚಿನಲ್ಲಿ ಬರೆದೆ.